ಕೈಬರಹದ ಪಹಣಿ: ಚಿಕ್ಕಬಳ್ಳಾಪುರ ಸೀಮೆಯ ಭೂದಾಖಲೆಗಳು ಗಣಕಕ್ಕೆ ಬಂದ ಬಗೆ

ಕರ್ನಾಟಕದ ಕಂದಾಯ ಇಲಾಖೆಯು 'ಭೂಮಿ' ಎಂಬ ಹೆಸರಿನಲ್ಲಿ ಪಹಣಿಗಳನ್ನು, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆಗಳನ್ನು, ಗಣಕಕ್ಕೆ ಏರಿಸಿದ ಕಾರ್ಯವನ್ನು ಬಹುತೇಕ ಬರಹಗಳು ಕಾಗದದ ಯುಗವೊಂದು ಮುಗಿದು ಯಂತ್ರದ ಯುಗವೊಂದು ಆರಂಭವಾದ ಘಟನೆಯಾಗಿ ಚಿತ್ರಿಸಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಜಮೀನಿನ ಲೆಕ್ಕದ ಚರಿತ್ರೆಯನ್ನು ಹಿಂದಿನಿಂದ ನೋಡುತ್ತ ಬಂದರೆ ಈ ಚಿತ್ರ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಇಲ್ಲಿನ ಹೊಲಗದ್ದೆಗಳ ವಿವರ ಕಲ್ಲಿನಿಂದ ಬಟ್ಟೆಗೆ, ಬಟ್ಟೆಯಿಂದ ಕಾಗದಕ್ಕೆ, ಖಂಡುಗದಿಂದ ಎಕರೆಗೆ, ಊರಿನ ಲೆಕ್ಕ ಬರೆಯುವ ಶಾನುಭೋಗರ ಮನೆಯಿಂದ ತಾಲ್ಲೂಕು ಕಚೇರಿಗೆ ಹಲವು ಬಾರಿ ವರ್ಗವಾಗಿದ್ದು, ಪ್ರತಿ ವರ್ಗಾವಣೆಯಲ್ಲಿಯೂ ಹಳೆಯ ದಾಖಲೆಯ ಒಂದು ಭಾಗ ಮಾತ್ರ ಹೊಸದಕ್ಕೆ ಬಂದಿದೆ. ಬಂದ ಭಾಗ ಕ್ರಮೇಣ ಸತ್ಯವೆಂದು ಮನ್ನಣೆ ಪಡೆಯಿತು. ಬಾರದೆ ಉಳಿದ ಭಾಗ ನ್ಯಾಯಾಲಯದಲ್ಲಿ ತಕರಾರಾಗಿ ಮರಳಿ ಎದ್ದಿತು. 'ಭೂಮಿ'ಯೂ ಈ ಸರಣಿಯಲ್ಲಿ ಒಂದು. ಅದು ಬಿಟ್ಟುಬಂದದ್ದೇನು ಎಂಬುದನ್ನು ತಿಳಿಯಬೇಕಾದರೆ ಅದು ಯಾವ ದಾಖಲೆಯಿಂದ ನಕಲು ಮಾಡಿತು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಈ ಸೀಮೆಯ ಅತ್ಯಂತ ಹಳೆಯ ಭೂದಾಖಲೆಗಳು ದಾನಶಾಸನಗಳು. ನಂದಿಯ ಭೋಗನಂದೀಶ್ವರ ದೇವಾಲಯಕ್ಕೆ ಸಂಬಂಧಿಸಿದ ಶಾಸನಗಳು ಒಂಬತ್ತನೆಯ ಶತಮಾನದ ಆರಂಭಕ್ಕೆ ಹೋಗುತ್ತವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವು ಆಗಿನ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಅಚ್ಚಿಗೆ ತಂದಿದ್ದು, ಈ ಸೀಮೆಯ ಕಲ್ಲಿನ ಬರಹವನ್ನು ಕಾಗದಕ್ಕೆ ಸಾಮೂಹಿಕವಾಗಿ ಇಳಿಸಿದ ಮೊದಲ ದೊಡ್ಡ ಪ್ರಯತ್ನವೆಂದು ಅದನ್ನು ಗಣಿಸಬಹುದು. ಇಂತಹ ಶಾಸನಗಳಲ್ಲಿ ಜಮೀನನ್ನು ವಿಸ್ತೀರ್ಣದಿಂದ ಹೇಳದೆ ಅದಕ್ಕೆ ಹಿಡಿಯುವ ಬಿತ್ತನೆಯ ಪ್ರಮಾಣದಿಂದ ಹೇಳುವುದು ವಾಡಿಕೆಯಾಗಿತ್ತು: ಇಂತಹ ಕೆರೆಯ ಕೆಳಗೆ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಎಲ್ಲೆಯನ್ನು ಮೂಡಲ ಹುಣಸೆಮರ, ತೆಂಕಲ ಗುಂಡು, ಪಡುವಲ ಕೋಡಿ ಎಂಬಂತೆ ಕಣ್ಣಿಗೆ ಕಾಣುವ ಗುರುತುಗಳಿಂದ ಸೂಚಿಸಲಾಗುತ್ತಿತ್ತು. ಕಲ್ಲು ನೆಟ್ಟ ಜಾಗವೇ ದಾಖಲೆಯ ಅರ್ಧ. ಕಾಗದಕ್ಕೆ ಇಳಿದಾಗ ಅಕ್ಷರಗಳು ಉಳಿದು ಜಾಗದ ಸಾಕ್ಷ್ಯ ಹಿಂದೆ ಸರಿಯಿತು, ಮುಂದೆ ಕಲ್ಲೇ ಕಾಲುವೆಗೆ ಹಾಸುಚಪ್ಪಡಿಯಾಗಿಯೋ ಬಟ್ಟೆ ಒಗೆಯುವ ಬಂಡೆಯಾಗಿಯೋ ಸ್ಥಳ ಬದಲಿಸಿದರೆ ಅಚ್ಚಾದ ಪಾಠವೊಂದೇ ಆಧಾರವಾಯಿತು.

ಶಾಸನ ಎಂದೋ ಒಮ್ಮೆ ಕೊಟ್ಟ ದಾನವನ್ನು ಕಾಯುವ ದಾಖಲೆ. ವರ್ಷ ವರ್ಷದ ಸಾಗುವಳಿ ಮತ್ತು ಕಂದಾಯದ ಲೆಕ್ಕ ಇದ್ದದ್ದು ಶಾನುಭೋಗರ ಕಡತದಲ್ಲಿ. ಹತ್ತಿಬಟ್ಟೆಯ ಉದ್ದನೆಯ ಪಟ್ಟಿಯ ಎರಡೂ ಬದಿಗೆ ಇದ್ದಿಲಿನ ಪುಡಿ ಕಲಸಿದ ಹುಣಸೆಬೀಜದ ಸರಿಯನ್ನು ಬಳಿದು, ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಕೊನೆಗೆ ಮರದ ಹಲಗೆ ಹಚ್ಚಿ ಸಿದ್ಧಪಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬರೆಯುತ್ತಿದ್ದುದು ಬಳಪದ ಕಡ್ಡಿಯಿಂದ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ 1810ರ ಸಂಪುಟದಲ್ಲಿ ಈ ಪುಸ್ತಕವನ್ನು ಅಳತೆಸಹಿತ ವರ್ಣಿಸಿದ್ದು, ಪಟ್ಟಿಯ ಅಗಲ ಸುಮಾರು ಎಂಟರಿಂದ ಹನ್ನೆರಡು ಅಂಗುಲ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ ಎಂದು ಹೇಳಿದ್ದಾನೆ. ಬರಹವನ್ನು ಒರೆಸಬಹುದು, ಸರಿ ಸವೆದಾಗ ಮತ್ತೊಮ್ಮೆ ಬಳಿದು ಹೊಸದಾಗಿ ಬರೆಯಬಹುದು ಎಂಬುದು ಕಡತದ ಅನುಕೂಲವೂ ಹೌದು, ಅಪಾಯವೂ ಹೌದು. ಅಕ್ಷರಗಳನ್ನು ಬಿಡಿಸಿ ಬರೆಯದೆ ಒಂದಕ್ಕೊಂದು ಕೂಡಿಸಿ ಓಡಿಸುವ ಮೋಡಿ ಬರಹ ಈ ಲೆಕ್ಕಗಳ ರೂಢಿಯಾಗಿದ್ದು, ಅದನ್ನು ಓದಬಲ್ಲವರು ಊರಿನಲ್ಲಿ ಶಾನುಭೋಗರು ಮತ್ತು ಅವರ ಮನೆಯವರಷ್ಟೇ ಆಗಿರುತ್ತಿದ್ದರು. ಹೀಗಾಗಿ ಲೆಕ್ಕದ ಭದ್ರತೆ ವಸ್ತುವಿನ ಗಟ್ಟಿತನಕ್ಕಿಂತ ವಂಶಪಾರಂಪರ್ಯವಾದ ಹುದ್ದೆಯ ಮೇಲೆ ನಿಂತಿತ್ತು. ಶಾನುಭೋಗರ ನೆನಪು ಮತ್ತು ಕಡತ ಬೇರೆ ಬೇರೆಯಾಗಿರಲಿಲ್ಲ.

ಆವತಿ ನಾಡಪ್ರಭುಗಳ ವಂಶಕ್ಕೆ ಸೇರಿದ ಪಾಳೆಯಗಾರರು ಆಳಿದ ಈ ಪ್ರದೇಶದ ಸುತ್ತಮುತ್ತ ಹದಿನೇಳನೆಯ ಶತಮಾನದಲ್ಲಿ ಷಹಾಜಿಯ ಜಹಗೀರೂ ಅನಂತರ ಸಿರಾದ ಮೊಘಲ್ ಸುಬಾವೂ ಹಬ್ಬಿದ್ದವು. ಚಿಂತಾಮಣಿ ಪಟ್ಟಣದ ಹೆಸರೇ ಚಿಂತಾಮಣಿರಾವ್ ಎಂಬ ಮರಾಠ ಸರದಾರನಿಂದ ಬಂದದ್ದು. ಹೈದರ್ ಅಲಿ, ಟಿಪ್ಪು, 1799ರ ಅನಂತರ ದಿವಾನ್ ಪೂರ್ಣಯ್ಯ, 1831ರಿಂದ ಬ್ರಿಟಿಷ್ ಕಮಿಷನರುಗಳು ಎಂದು ಆಡಳಿತ ಕೈಬದಲಾಗುತ್ತ ಹೋದಂತೆ ತಾಲ್ಲೂಕು ಕಚೇರಿಯ ಮಟ್ಟದಲ್ಲಿ ಮರಾಠಿ, ಪಾರಸಿ, ಇಂಗ್ಲಿಷುಗಳ ಪ್ರಭಾವ ಬಂದುಹೋಯಿತು. ಗ್ರಾಮದ ಮಟ್ಟದಲ್ಲಿ ಮಾತ್ರ, ತೆಲುಗು ಮನೆಮಾತಾಗಿರುವ ಊರುಗಳಲ್ಲಿಯೂ, ಲೆಕ್ಕ ಬಹುಮಟ್ಟಿಗೆ ಕನ್ನಡದಲ್ಲಿಯೇ ಮುಂದುವರಿಯಿತು.

ನಿಜವಾದ ಮುರಿವು ಬಂದದ್ದು ಕಂದಾಯ ಭೂಮಾಪನದಿಂದ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಬಳಿಯ ಇಂದಾಪುರದಲ್ಲಿ ರೂಪಿಸಿದ ಮುಂಬಯಿ ಪದ್ಧತಿಯನ್ನು ಮೈಸೂರು ಸಂಸ್ಥಾನದಲ್ಲಿ 1863ರಿಂದ ಅಳವಡಿಸಲಾಯಿತು. ಚಿತ್ರದುರ್ಗದ ಕಡೆಯ ಹರಿಹರದಿಂದ ಆರಂಭವಾದ ಈ ಕೆಲಸ ಕೋಲಾರ ಜಿಲ್ಲೆಯ ತಾಲ್ಲೂಕುಗಳಿಗೆ ತಲುಪಿದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ. ಮೂವತ್ತಮೂರು ಅಡಿ ಉದ್ದದ ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸಿಕೊಂಡು ಹೊಲಗಳನ್ನು ಅಳೆಯಲಾಯಿತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕ ಎಂದರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಪ್ರತಿ ಹೊಲಕ್ಕೂ ಸರ್ವೆ ನಂಬರು ಕೊಟ್ಟು, ಮೂಲೆಗಳಿಗೆ ಬಾಂದುಕಲ್ಲು ನೆಟ್ಟು, ಅಳತೆಯನ್ನು ಸ್ಥಳದಲ್ಲಿಯೇ ಗುರುತುಮಾಡಿಕೊಂಡ ಕೈನಕ್ಷೆಗೆ ಟಿಪ್ಪಣಿ ಎಂದೂ, ಊರಿನ ಎಲ್ಲ ನಂಬರುಗಳ ವಿಸ್ತೀರ್ಣ, ಖರಾಬು ಮತ್ತು ಆಕಾರವನ್ನು, ಅಂದರೆ ನಿಗದಿಯಾದ ಕಂದಾಯವನ್ನು, ಒಟ್ಟುಗೂಡಿಸಿದ ಪಟ್ಟಿಗೆ ಆಕಾರಬಂದ್ ಎಂದೂ ಹೆಸರಾಯಿತು. ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ; ಅದರಲ್ಲಿ ಬಂಡೆ, ಕೊರಕಲು ಮುಂತಾದುದು 'ಎ' ಖರಾಬು, ಕೆರೆ, ದಾರಿ, ಸ್ಮಶಾನದಂತಹ ಸಾರ್ವಜನಿಕ ಬಳಕೆಯದು 'ಬಿ' ಖರಾಬು.

ಭೂಮಾಪನದ ಈ ದಾಖಲೆಗಳು ಖಂಡುಗದ ಲೆಕ್ಕವನ್ನು ಎಕರೆ–ಗುಂಟೆಗೆ ಪರಿವರ್ತಿಸಿದವು ಎಂದಷ್ಟೇ ಹೇಳಿದರೆ ಸಾಲದು. ಬಿತ್ತನೆಯ ಅಳತೆಯಲ್ಲಿ ನೆಲದ ಗುಣ ಅಡಗಿತ್ತು, ಏಕೆಂದರೆ ಒಂದು ಖಂಡುಗ ಗದ್ದೆ ಮತ್ತು ಒಂದು ಖಂಡುಗ ಬೆದ್ದಲಿನ ವಿಸ್ತೀರ್ಣ ಒಂದೇ ಆಗಿರಲಿಲ್ಲ. ಸರಪಳಿಯ ಅಳತೆಗೆ ಗುಣ ಗೊತ್ತಿಲ್ಲ, ಅದನ್ನು ಬೇರೆಯಾಗಿ ಖುಷ್ಕಿ (ಬೆದ್ದಲು), ತರಿ (ಗದ್ದೆ), ಬಾಗಾಯ್ತು (ತೋಟ) ಎಂದು ವರ್ಗೀಕರಿಸಿ ಮಣ್ಣಿಗೆ ದರ್ಜೆ ಕಟ್ಟಬೇಕಾಯಿತು. ಇನಾಂ ಗ್ರಾಮಗಳು ಬಹುಮಟ್ಟಿಗೆ ಈ ಬಲೆಯಿಂದ ಹೊರಗುಳಿದು, 1954 ಮತ್ತು 1955ರ ಇನಾಂ ರದ್ದಿಯಾತಿ ಕಾಯಿದೆಗಳು ಬರುವವರೆಗೆ ಅವುಗಳ ಜಮೀನಿನ ವಿವರ ಇನಾಂದಾರರ ಸ್ವಂತ ಲೆಕ್ಕದಲ್ಲಿಯೇ ಇತ್ತು. ಒಂದೇ ತಾಲ್ಲೂಕಿನ ಅಕ್ಕಪಕ್ಕದ ಎರಡು ಊರುಗಳ ದಾಖಲೆಗಳು ಎರಡು ಬೇರೆ ಬೇರೆ ವಯಸ್ಸಿನವಾಗಿರುವುದಕ್ಕೆ ಕಾರಣ ಇದು.

ಭೂಮಾಪನ ನೆಲವನ್ನು ಗುರುತಿಸಿತೇ ಹೊರತು ನೆಲದ ಮೇಲಿನ ಹಕ್ಕುಗಳನ್ನು ಪೂರ್ತಿಯಾಗಿ ಬರೆದಿಡಲಿಲ್ಲ. ಕಂದಾಯ ಯಾರಿಂದ ವಸೂಲಿಯಾಗಬೇಕು ಎಂಬುದಷ್ಟೇ ಅದಕ್ಕೆ ಮುಖ್ಯವಾಗಿತ್ತು. ಆ ಕೊರತೆಯನ್ನು ತುಂಬಲು ಮೈಸೂರು ಸಂಸ್ಥಾನ 1927ರಲ್ಲಿ ಹಕ್ಕುದಾಖಲೆಯ ರೆಗ್ಯುಲೇಷನ್ ತಂದಿತು. ಅದರಿಂದ ಹುಟ್ಟಿದ ಎರಡು ಪುಸ್ತಕಗಳಾದ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಈಗಲೂ ಈ ಭಾಗದ ವಕೀಲರ ಮತ್ತು ರೈತರ ಬಾಯಲ್ಲಿ 'ಐ.ಎಲ್., ಆರ್.ಆರ್.' ಎಂದೇ ಇವೆ. ಮೊದಲನೆಯದು ಸರ್ವೆ ನಂಬರಿನ ಕ್ರಮದಲ್ಲಿ, ಎರಡನೆಯದು ಹಕ್ಕು ಬಂದ ಬಗೆಯನ್ನು ವಿವರಿಸುವ ಕ್ರಮದಲ್ಲಿ. ಕ್ರಯವೋ ವಿಭಾಗವೋ ದಾನವೋ ಆಧಾರವೋ ಎಂಬುದು ಅಲ್ಲಿ ನಮೂದಾಗಬೇಕಿತ್ತು. ಕಾಗದದ ಮೇಲೆ ಶಾಯಿಯಲ್ಲಿ ಬರೆದ, ಒರೆಸಲಾಗದ, ತಿದ್ದಿದರೆ ತಿದ್ದುಪಡಿ ಕಾಣುವ ಈ ಪುಸ್ತಕಗಳು ಹಳೆಯ ಮೈಸೂರಿನ ಭೂದಾಖಲೆಗಳಲ್ಲಿ ಅತ್ಯಂತ ಎಚ್ಚರದಿಂದ ಸಿದ್ಧವಾದವು ಎಂದು ಹೇಳಿದರೆ ತಪ್ಪಾಗಲಾರದು. ಆದರೂ ಅವನ್ನು ಬರೆದವರು ಅದೇ ಶಾನುಭೋಗರು, ಇಟ್ಟುಕೊಂಡದ್ದೂ ಅವರೇ.

ಆ ವ್ಯವಸ್ಥೆಯನ್ನು ಕೊನೆಗೊಳಿಸಿದ್ದು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ. 1963ರ ಫೆಬ್ರವರಿ 1ರಂದು ಅದು ಜಾರಿಗೆ ಬಂದಾಗ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಮುಂತಾದ ವಂಶಪಾರಂಪರ್ಯದ ಹುದ್ದೆಗಳು ರದ್ದಾಗಿ, ಅವುಗಳಿಗೆ ಅಂಟಿಕೊಂಡಿದ್ದ ಇನಾಂ ಜಮೀನುಗಳು ಸರ್ಕಾರದ ವಶಕ್ಕೆ ಬಂದವು. ಕಾಯಿದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1966ರಲ್ಲಿ ಸರ್ಕಾರದ ಪರವಾಗಿ ತೀರ್ಪಿತ್ತಿತು. ಸಂಬಳದ ಗ್ರಾಮಲೆಕ್ಕಿಗರು ಶಾನುಭೋಗರ ಜಾಗಕ್ಕೆ ಬಂದರು. ಮನೆಯ ಅಟ್ಟದಲ್ಲಿಯೂ ಪೆಟ್ಟಿಗೆಯಲ್ಲಿಯೂ ಇದ್ದ ಪುಸ್ತಕಗಳು ಕಚೇರಿಯ ಸ್ವತ್ತಾದವು. ಹುದ್ದೆಯ ಜೊತೆಗೆ ಮನೆತನದ ಗೌರವವನ್ನೂ ಕಳೆದುಕೊಳ್ಳುತ್ತಿದ್ದವರಿಂದ ಲೆಕ್ಕಗಳನ್ನು ಪಡೆಯಬೇಕಾಗಿ ಬಂದ ಆ ಹಸ್ತಾಂತರದ ಜೊತೆಯಲ್ಲಿ, ಪುಸ್ತಕದಲ್ಲಿ ಬರೆಯದೆ ತಲೆಯಲ್ಲಿ ಇಟ್ಟುಕೊಂಡಿದ್ದ ತಿಳಿವಳಿಕೆ ಬರಲಿಲ್ಲ. ಯಾವ ಹಿಸ್ಸೆಯನ್ನು ಯಾವ ಅಣ್ಣತಮ್ಮ ಉಳುತ್ತಾರೆ, ಯಾವ ನಂಬರಿನಲ್ಲಿ ಬಾಯಿಮಾತಿನ ವಿಭಾಗವಾಗಿದೆ ಎಂಬುದನ್ನು ಹೊಸ ಗ್ರಾಮಲೆಕ್ಕಿಗ ಮತ್ತೆ ಕೇಳಿ ತಿಳಿಯಬೇಕಿತ್ತು, ಆತನ ವೃತ್ತಕ್ಕೆ ಹಲವು ಗ್ರಾಮಗಳು ಸೇರಿದ್ದವು.

ಮೈಸೂರು ಭೂಕಂದಾಯ ಕಾಯಿದೆ 1964 ಮತ್ತು ಅದರ 1966ರ ನಿಯಮಗಳು ಈ ಎಲ್ಲ ಪುಸ್ತಕಗಳ ಸಾರವನ್ನು ಒಂದೇ ಹಾಳೆಗೆ ಇಳಿಸಿದವು. ನಮೂನೆ 16 ಎಂದು ಕರೆಯಲಾಗುವ, ಹಕ್ಕು, ಗೇಣಿ ಮತ್ತು ಬೆಳೆಗಳನ್ನು ಒಟ್ಟಿಗೆ ತೋರಿಸುವ ಈ ಹಾಳೆಯೇ ಜನಬಳಕೆಯ ಪಹಣಿ. ಮೂರನೆಯ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು, ಒಂಬತ್ತರಲ್ಲಿ ಸ್ವಾಧೀನದಾರರ ಹೆಸರು, ಹತ್ತರಲ್ಲಿ ಹಕ್ಕು ಬಂದ ರೀತಿ, ಹನ್ನೊಂದರಲ್ಲಿ ಋಣಗಳು, ಹನ್ನೆರಡರಲ್ಲಿ ಸಾಗುವಳಿದಾರನ ಹೆಸರು ಮತ್ತು ಬೆಳೆ. ಇವುಗಳಲ್ಲಿ ಯಾವುದಕ್ಕೂ ಇಲ್ಲದ ಮಹತ್ವ ಹನ್ನೆರಡನೆಯ ಕಾಲಂಗೆ 1974ರಲ್ಲಿ ಬಂದಿತು. ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಅನ್ವಯ ಗೇಣಿದಾರರು ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಕೊಟ್ಟಾಗ, ಹಿಂದಿನ ವರ್ಷಗಳ ಪಹಣಿಯ ಆ ಕಾಲಂನಲ್ಲಿ ತಮ್ಮ ಹೆಸರು ಇದೆಯೇ ಎಂಬುದು ಬಲವಾದ ಸಾಕ್ಷ್ಯವಾಯಿತು. ಬೆಳೆಯ ಲೆಕ್ಕಕ್ಕೆಂದು ಗ್ರಾಮಲೆಕ್ಕಿಗ ವರ್ಷಕ್ಕೊಮ್ಮೆ ಬರೆಯುತ್ತಿದ್ದ ಒಂದು ಸಾಲು ಒಡೆತನವನ್ನೇ ನಿರ್ಧರಿಸಬಲ್ಲದು ಎಂಬ ಅರಿವು ಹಳ್ಳಿಗಳಲ್ಲಿ ಹರಡಿದ ಮೇಲೆ, ಆ ಕಾಲಂನಲ್ಲಿ ತಿದ್ದಿ ಬರೆದ, ಮೇಲೆ ಬರೆದ, ಬೇರೆ ಶಾಯಿಯಲ್ಲಿ ಸೇರಿಸಿದ ನಮೂದುಗಳು ನ್ಯಾಯಮಂಡಳಿಯ ವಿಚಾರಣೆಗಳಲ್ಲಿ ಚರ್ಚೆಯ ವಸ್ತುವಾದವು. ಕೈಬರಹದ ಪಹಣಿಯ ಬೆಲೆ ಇರುವುದು ಇಲ್ಲಿಯೇ: ಅಲ್ಲಿ ಶಾಯಿ ಕಾಣುತ್ತದೆ, ಹೊಡೆದು ಹಾಕಿದ ಗೆರೆ ಕಾಣುತ್ತದೆ, ಗೆರೆಯ ಪಕ್ಕದ ಚಿಕ್ಕ ರುಜು ಕಾಣುತ್ತದೆ.

ಭೂಕಂದಾಯ ಕಾಯಿದೆಯ 133ನೆಯ ಕಲಮಿನ ಪ್ರಕಾರ ಪಹಣಿ ಮತ್ತು ಹಕ್ಕು ಬದಲಾವಣೆಯನ್ನು ಬರೆದಿಡುವ ಮ್ಯುಟೇಷನ್ ವಹಿಯ ನಮೂದುಗಳು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸತಕ್ಕವು. ಇದು ಖಾತ್ರಿಯ ಒಡೆತನ ಅಲ್ಲ, ಊಹೆಯ ಒಡೆತನ. ದಕ್ಷಿಣ ಆಸ್ಟ್ರೇಲಿಯದಲ್ಲಿ 1858ರಲ್ಲಿ ಜಾರಿಗೆ ಬಂದ ಟೊರೆನ್ಸ್ ಪದ್ಧತಿಯಲ್ಲಿ ನೋಂದಣಿಪುಸ್ತಕದಲ್ಲಿ ಇರುವ ಹೆಸರಿಗೆ ಸರ್ಕಾರವೇ ಜವಾಬ್ದಾರಿ ಹೊರುತ್ತದೆ. ಭಾರತದಲ್ಲಿ 2008ರ ರಾಷ್ಟ್ರೀಯ ಭೂದಾಖಲೆ ಆಧುನೀಕರಣ ಕಾರ್ಯಕ್ರಮ ಆ ಗುರಿಯನ್ನು ಹೇಳಿಕೊಂಡಿತಾದರೂ ತಲುಪಿಲ್ಲ. ಊಹೆಯ ಒಡೆತನವಿರುವ ನಾಡಿನಲ್ಲಿ ಹಳೆಯ ದಾಖಲೆಗಳನ್ನು ಎಸೆಯುವಂತಿಲ್ಲ, ಏಕೆಂದರೆ ಊಹೆಯನ್ನು ಒಡೆಯುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಅವೇ ಬೇಕು.

'ಭೂಮಿ'ಗೆ ಮೊದಲೂ ಪ್ರಯತ್ನಗಳು ನಡೆದಿದ್ದವು. 1980ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಕೈಗೊಂಡ ಭೂದಾಖಲೆ ಗಣಕೀಕರಣ ಯೋಜನೆಯ ಅಂಗವಾಗಿ ಕರ್ನಾಟಕದಲ್ಲಿ ಗುಲ್ಬರ್ಗಾ ಜಿಲ್ಲೆಯನ್ನು ಪ್ರಯೋಗಕ್ಕೆ ಆಯ್ದುಕೊಂಡರೂ ಅದು ತಾಲ್ಲೂಕು ಕಚೇರಿಯ ದಿನನಿತ್ಯದ ಕೆಲಸವಾಗಿ ಬೇರೂರಲಿಲ್ಲ. ಒಮ್ಮೆ ತುಂಬಿಟ್ಟ ಮಾಹಿತಿ ಆಮೇಲಿನ ಮಾರಾಟ, ವಿಭಾಗ, ಪೌತಿಗಳಿಗೆ (ಖಾತೆದಾರರ ಸಾವಿಗೆ) ತಕ್ಕಂತೆ ಬದಲಾಗದೆ ಕೆಲವೇ ತಿಂಗಳಲ್ಲಿ ಹಳಸುತ್ತದೆ ಎಂಬ ಪಾಠ ಅಲ್ಲಿ ಸಿಕ್ಕಿತು. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ, ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ಪರೀಕ್ಷೆಗೊಂಡ 'ಭೂಮಿ' ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು: ಹಕ್ಕು ಬದಲಾವಣೆಯ ಅರ್ಜಿ ಗಣಕದ ಮೂಲಕವೇ ಬರಬೇಕು, ಬಂದ ಸರದಿಯಲ್ಲಿಯೇ ತೀರ್ಮಾನವಾಗಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ನಮೂದಿಗೆ ಒಪ್ಪಿಗೆ ಕೊಡಬೇಕು. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿ, ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ನಿಂತಿತು. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿ ವಿತರಣೆ ತಾಲ್ಲೂಕು ಕಚೇರಿಯ ಕಿಂಡಿಗೆ ಬಂದು, ರೈತ ಹದಿನೈದು ರೂಪಾಯಿ ಕಟ್ಟಿ ಅಚ್ಚಾದ ಹಾಳೆ ಪಡೆಯುವಂತಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ನಡೆಸಿದ ಅಧ್ಯಯನ ಪಹಣಿಗಾಗಿ ಕೊಡುತ್ತಿದ್ದ ಲಂಚ ತೀವ್ರವಾಗಿ ಇಳಿದಿತ್ತೆಂದು ಕಂಡುಕೊಂಡಿತು. ಈ ಸಾಧನೆಯನ್ನು ಕಡೆಗಣಿಸಿ ಬರೆದ ಯಾವ ಚರಿತ್ರೆಯೂ ನ್ಯಾಯವಾದದ್ದಲ್ಲ.

ಆದರೆ ಗಣಕಕ್ಕೆ ಸೇರಿದ್ದು ಆಗ ಚಾಲ್ತಿಯಲ್ಲಿದ್ದ ಕೊನೆಯ ಕೈಬರಹದ ಪಹಣಿಯ ಪಠ್ಯ ಮಾತ್ರ. ಐ.ಎಲ್., ಆರ್.ಆರ್. ಪುಸ್ತಕಗಳು, ಹಿಂದಿನ ದಶಕಗಳ ಪಹಣಿಗಳು, ಮ್ಯುಟೇಷನ್ ವಹಿಗಳು, ಸರ್ಕಾರಿ ಜಮೀನಿನ ಮಂಜೂರಾತಿಯ ದರಖಾಸ್ತು ಕಡತಗಳು ಅಭಿಲೇಖಾಲಯದಲ್ಲಿ, ಅಂದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಬಟ್ಟೆಯ ಗಂಟುಗಳಾಗಿಯೇ ಉಳಿದವು. ಟಿಪ್ಪಣಿ ಮತ್ತು ಆಕಾರಬಂದ್ ಭೂಮಾಪನ ಇಲಾಖೆಯ ಬೀರುಗಳಲ್ಲಿ ಉಳಿದವು. ಕೈಬರಹದ ಹಾಳೆಯಲ್ಲಿ ಹೊಡೆದು ಹಾಕಿದ ಹೆಸರು ಗಣಕದಲ್ಲಿ ಇಲ್ಲ, ಹೊಡೆದದ್ದು ಯಾರೆಂಬ ಸುಳಿವೂ ಇಲ್ಲ. ನಾಲ್ಕು ತಲೆಮಾರಿನ ನಕಲುಗಳಲ್ಲಿ ಸೇರಿಕೊಂಡ ತಪ್ಪುಗಳೂ ಬೆರಳಚ್ಚುಗಾರರ ಹೊಸ ತಪ್ಪುಗಳೂ ಒಂದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಕಾಣತೊಡಗಿದ್ದರಿಂದ, ಯಾವುದು ಹಳೆಯ ತಪ್ಪು ಯಾವುದು ಹೊಸದು ಎಂದು ಹಾಳೆಯನ್ನು ನೋಡಿ ಹೇಳುವುದು ಅಸಾಧ್ಯವಾಯಿತು.

ಅಂಕಿಗಳ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, 1.39ಕ್ಕೆ ಒಂದು ಗುಂಟೆ ಸೇರಿದರೆ 2.00. ಗುಂಟೆಗೂ ಕೆಳಗೆ ಅದರ ಹದಿನಾರನೆಯ ಪಾಲಾದ ಆಣೆ. ದಶಮಾಂಶದ ಲೆಕ್ಕಕ್ಕೆ ಹೊಂದಿಕೊಂಡ ಕೈಗೂ ಕಣ್ಣಿಗೂ ಇದು ಎಡವುವ ಜಾಗ. ಅಣ್ಣತಮ್ಮಂದಿರ ಹೆಸರಿನ ಮುಂದೆ ಬರೆದ ಭಾಗಗಳನ್ನು ಕೂಡಿಸಿದರೆ ಒಂಬತ್ತನೆಯ ಕಾಲಂನ ಒಟ್ಟು ಮೂರನೆಯ ಕಾಲಂನ ವಿಸ್ತೀರ್ಣಕ್ಕೆ ಸರಿಹೊಂದದೆ ಹೋಗುವುದನ್ನು ಕಚೇರಿಯ ಮಾತಿನಲ್ಲಿ '3 ಮತ್ತು 9 ತಾಳೆ ಇಲ್ಲ' ಎನ್ನುತ್ತಾರೆ. ಕೈಬರಹದ ಕಾಲದಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಎಷ್ಟೋ ವರ್ಷ ಇರಬಹುದಿತ್ತು. ಗಣಕ ಅದನ್ನು ಹಿಡಿಯುತ್ತದೆ, ಹಿಡಿದು ವಹಿವಾಟನ್ನು ನಿಲ್ಲಿಸುತ್ತದೆ, ಆದರೆ ಸರಿಯಾದ ಅಂಕಿ ಯಾವುದೆಂದು ಹೇಳಲಾರದು. ಅದಕ್ಕೆ ಆಕಾರಬಂದ್ ನೋಡಬೇಕು, ಆಕಾರಬಂದ್ ಸಾಲದಿದ್ದರೆ ಟಿಪ್ಪಣಿಯನ್ನೇ ಹುಡುಕಬೇಕು.

ಹೆಸರುಗಳದ್ದು ಇನ್ನೊಂದು ಬಗೆಯ ತೊಡಕು. ಕನ್ನಡ ತೆಲುಗು ಬೆರೆತ ಈ ಗಡಿಸೀಮೆಯಲ್ಲಿ ಒಬ್ಬನೇ ವ್ಯಕ್ತಿ ಒಂದು ಪುಸ್ತಕದಲ್ಲಿ ವೆಂಕಟರಮಣಪ್ಪ, ಇನ್ನೊಂದರಲ್ಲಿ ವೆಂಕಟರವಣಪ್ಪ, ಜನರ ಬಾಯಲ್ಲಿ ವೆಂಕಟ್ರೋಣಪ್ಪ ಆಗಿರುವುದು ತೀರ ಸಾಮಾನ್ಯ. ತಂದೆಯ ಹೆಸರಿಗೆ 'ಬಿನ್', ಗಂಡನ ಹೆಸರಿಗೆ 'ಕೋಂ' ಎಂದು ಬರೆಯುವ ಹಳೆಯ ಪದ್ಧತಿ ಪಹಣಿಯಲ್ಲಿ ಉಳಿದುಬಂದಿದ್ದು, ಒಂದೇ ಊರಿನಲ್ಲಿ ಮೂವರು ಮುನಿಯಪ್ಪಂದಿರಿದ್ದಾಗ ಅವರನ್ನು ಬೇರ್ಪಡಿಸುತ್ತಿದ್ದುದು ಈ ಎರಡಕ್ಷರವೇ. ಊರಿನ ಲೆಕ್ಕಿಗನಿಗೆ ಗೊತ್ತಿದ್ದ ಸಂಗತಿ ಯಂತ್ರಕ್ಕೆ ಗೊತ್ತಿಲ್ಲದ ಕಾರಣ, ಪಹಣಿಗೆ ಆಧಾರ್ ಜೋಡಿಸುವ ಇತ್ತೀಚಿನ ಕಾರ್ಯದಲ್ಲಿ ಕಾಗುಣಿತದ ವ್ಯತ್ಯಾಸವೂ ದಾಖಲೆಯ ವ್ಯತ್ಯಾಸವಾಗಿ ಎಣಿಕೆಯಾಗುತ್ತದೆ. ಸತ್ತು ಹಲವು ದಶಕಗಳಾದವರ ಹೆಸರಿನಲ್ಲಿಯೇ ಮುಂದುವರಿದಿರುವ ಖಾತೆಗಳೂ ಹೊರಬಂದು, ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಆಂದೋಲನ ಅಗತ್ಯವಾಯಿತು.

ಬೆದ್ದಲೇ ಹೆಚ್ಚಾಗಿರುವ ಈ ತಾಲ್ಲೂಕುಗಳಲ್ಲಿ ಇನ್ನೊಂದು ದೊಡ್ಡ ಸಮಸ್ಯೆ ದರಖಾಸ್ತು ಜಮೀನಿನದು. ಗೋಮಾಳದ ದೊಡ್ಡ ಸರ್ವೆ ನಂಬರಿನಲ್ಲಿ ಭೂಹೀನರಿಗೆ ಎರಡೋ ಮೂರೋ ಎಕರೆ ಮಂಜೂರು ಮಾಡಿ ಸಾಗುವಳಿ ಚೀಟಿ ಕೊಟ್ಟರೂ, ಆ ತುಂಡನ್ನು ಅಳೆದು ಪ್ರತ್ಯೇಕ ಸಂಖ್ಯೆ ಕೊಡುವ ಪೋಡಿ ಕಾರ್ಯ ಅನೇಕ ಕಡೆ ನಡೆಯದೆ ಉಳಿಯಿತು. ಬಗರ್ ಹುಕುಂ ಸಾಗುವಳಿಯ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿ ಇಲ್ಲದೆ ಮಾಡಿದ ಸಾಗುವಳಿಯ, ಸಕ್ರಮಕ್ಕೆಂದು ಬಂದ ನಮೂನೆ 50, 53 ಮತ್ತು 57ರ ಅರ್ಜಿಗಳು ಈ ರಾಶಿಗೆ ಸೇರಿದವು. ಪಹಣಿಯಲ್ಲಿ ಒಂದೇ ನಂಬರಿನ ಕೆಳಗೆ ಹತ್ತಾರು ಹೆಸರು, ನಕ್ಷೆಯಲ್ಲಿ ಒಂದೇ ಚೌಕ. ಯಾರ ಭಾಗ ಎಲ್ಲಿ ಎಂಬುದಕ್ಕೆ ಉತ್ತರ ಮೂಲ ಮಂಜೂರಾತಿ ಕಡತದಲ್ಲಿ ಮಾತ್ರ. ಪೋಡಿಗೆ ಮೊದಲು ಈ ಕಡತಗಳನ್ನು ಪರಿಶೀಲಿಸಿ ತುಂಬಬೇಕಾದ ಐದು ನಮೂನೆಗಳನ್ನು ಜನ '1–5' ಎಂದು ಕರೆಯುತ್ತಾರೆ. ಕಡತ ಸಿಗದಿದ್ದರೆ 1–5 ಆಗುವುದಿಲ್ಲ, 1–5 ಆಗದಿದ್ದರೆ ಅಳತೆ ಇಲ್ಲ. ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನನಿಲ್ದಾಣ ಆರಂಭವಾಗಿ ನಂದಿಬೆಟ್ಟದ ಸುತ್ತಲಿನ ಜಮೀನಿನ ಬೆಲೆ ಏರಿದ ಮೇಲೆ, ದ್ರಾಕ್ಷಿ ತೋಟ, ಹಿಪ್ಪುನೇರಳೆ ತೋಟಗಳ ನಡುವಿನ ಇಂತಹ ತುಂಡುಗಳ ಮೂಲ ಕಡತಕ್ಕೆ ಬಂದ ಬೇಡಿಕೆ ಸಣ್ಣದಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ವಿಮರ್ಶೆ, ಭೂದಾಖಲೆಗಳನ್ನು ಕೇಂದ್ರೀಕರಿಸಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೆ ಜಮೀನು ಹುಡುಕುವುದು ಸುಲಭವಾಯಿತು ಎಂದು ವಾದಿಸಿತು. ವಾದದ ಎಲ್ಲ ಅಂಶಗಳನ್ನು ಒಪ್ಪದಿದ್ದರೂ, ಮೂಲ ಕಡತ ಕೈಯಲ್ಲಿಲ್ಲದ ಸಣ್ಣ ಹಿಡುವಳಿದಾರನಿಗಿಂತ ವಕೀಲರನ್ನು ಇಟ್ಟುಕೊಳ್ಳಬಲ್ಲ ಖರೀದಿದಾರನಿಗೆ ಹೊಸ ವ್ಯವಸ್ಥೆ ಹೆಚ್ಚು ಅನುಕೂಲಿಸಿತು ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟ.

ಕಂದಾಯ ಇಲಾಖೆ 2024ರಲ್ಲಿ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ, ಮೊದಲು ಪ್ರತಿ ಜಿಲ್ಲೆಯ ಒಂದೊಂದು ತಾಲ್ಲೂಕಿನಲ್ಲಿ ಪ್ರಯೋಗವಾಗಿ, ಅನಂತರ ರಾಜ್ಯವ್ಯಾಪಿಯಾಗಿ, ಕೈಗೊಂಡ ಕೆಲಸ 'ಭೂಮಿ' ಬಿಟ್ಟುಬಂದ ರಾಶಿಗೆ ಎರಡು ದಶಕಗಳಿಗೂ ಹೆಚ್ಚು ಕಾಲದ ಅನಂತರ ಮರಳಿ ಹೋದ ಕೆಲಸ. ಇಲ್ಲಿ ಅಕ್ಷರಗಳನ್ನು ಮತ್ತೆ ಟೈಪು ಮಾಡುವುದಿಲ್ಲ. ಹಾಳೆಯನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿ ಚಿತ್ರವಾಗಿ ಇಡಲಾಗುತ್ತದೆ. ಶಾಯಿಯ ಬಣ್ಣ, ಹೊಡೆದ ಗೆರೆ, ಮೊಹರು, ಅಂಚಿನ ಟಿಪ್ಪಣಿ ಎಲ್ಲವೂ ಉಳಿಯುವುದರಿಂದ, ನಕಲು ಮಾಡುವವನ ತೀರ್ಮಾನಕ್ಕೆ ಅವಕಾಶ ಇಲ್ಲದ ಮೊದಲ ವರ್ಗಾವಣೆ ಇದು ಎನ್ನಬಹುದು. ಗಂಟು ಬಿಚ್ಚಿ, ಧೂಳು ಒರೆಸಿ, ಗೆದ್ದಲು ತಿಂದ ಅಂಚುಗಳನ್ನು ಬಿಡಿಸಿ, ಹೊಲಿಗೆ ಸಡಿಲಿಸಿ, ಹಾಳೆಗಳಿಗೆ ಪುಟಸಂಖ್ಯೆ ಹಾಕಿ ಯಂತ್ರದ ಕೆಳಗೆ ಇಡುವವರೆಗಿನ ಕೆಲಸ ಕೈಕೆಲಸವೇ. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನು ಅವಸರದಲ್ಲಿ ತಿರುವಿದರೆ ಸ್ಕ್ಯಾನಿಂಗೇ ಆ ಹಾಳೆಯ ಕೊನೆಯ ಓದು ಆಗಬಹುದು.

ಚಿತ್ರ ತಾನಾಗಿ ಏನನ್ನೂ ಹೇಳುವುದಿಲ್ಲ ಎಂಬುದು ಈ ಪದ್ಧತಿಯ ಮಿತಿ. ಗ್ರಾಮ, ಸರ್ವೆ ನಂಬರು, ವರ್ಷ, ದಾಖಲೆಯ ಬಗೆ ಎಂಬ ಸೂಚಿ ಮಾಹಿತಿಯನ್ನು ಪ್ರತಿ ಕಡತಕ್ಕೂ ಯಾರಾದರೂ ಓದಿ ಬರೆಯಬೇಕು; ಸೂಚಿಯಲ್ಲಿ 14ರ ಬದಲು 41 ಎಂದು ಬಿದ್ದರೆ ಕಡತ ಗಣಕದಲ್ಲಿ ಇದ್ದೂ ಸಿಗುವುದಿಲ್ಲ. ಹಳೆಯ ಹಾಳೆಗಳಲ್ಲಿ ಕನ್ನಡ ಅಂಕಿ, ಕಂದಾಯಕ್ಕೆ 1957ಕ್ಕಿಂತ ಹಿಂದಿನ ರೂಪಾಯಿ–ಆಣೆ–ಪೈ, ಕೂಡಿಸಿ ಬರೆದ ಮೋಡಿಯ ಛಾಯೆಯ ಕೈಬರಹ ಎಲ್ಲವೂ ಇರುವಾಗ, ಸೂಚಿ ತಯಾರಿಸುವವರಿಗೆ ಹಳೆಯ ಬರಹ ಓದುವ ತರಬೇತಿ ಯಂತ್ರಕ್ಕಿಂತ ಮುಖ್ಯವಾಗುತ್ತದೆ, ಅಂತಹ ಓದುಗರು ಕಡಿಮೆಯಾಗುತ್ತಿದ್ದಾರೆ. ಸ್ಕ್ಯಾನ್ ಆದ ಮೇಲೆ ಮೂಲವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಕಚೇರಿ ಪದ್ಧತಿಯ ಉತ್ತರ ಸ್ಪಷ್ಟವಾಗಿದೆ: ಕಡತಗಳನ್ನು ಇಡಬೇಕಾದ ಅವಧಿಗೆ ತಕ್ಕಂತೆ ವರ್ಗೀಕರಿಸುವ ಕ್ರಮದಲ್ಲಿ 'ಎ' ವರ್ಗದವು ಶಾಶ್ವತ, ಹಕ್ಕಿಗೆ ಸಂಬಂಧಿಸಿದ ಮೂಲ ವಹಿಗಳನ್ನು ನಾಶ ಮಾಡಲು ಬರುವುದಿಲ್ಲ. ಚಿತ್ರ ಸಿಕ್ಕಿತೆಂದು ಗಂಟನ್ನು ಮೂಲೆಗೆ ಎಸೆಯುವ ಪ್ರವೃತ್ತಿಗೆ ಈ ನಿಯಮವೊಂದೇ ತಡೆ.

ಸೂಚಿಯ ತೊಡಕು ಈ ನಾಲ್ಕು ತಾಲ್ಲೂಕುಗಳಲ್ಲಿ ಉಳಿದ ಕಡೆಗಿಂತ ಸ್ವಲ್ಪ ಹೆಚ್ಚು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಇಲ್ಲಿನ ಜಿಲ್ಲಾಧಿಕಾರಿಗಳ ಆದೇಶಗಳೆಲ್ಲ ಹೊರಟದ್ದು ಕೋಲಾರದ ಕಚೇರಿಯಿಂದ. ಚಿಕ್ಕಬಳ್ಳಾಪುರದ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಇತ್ಯರ್ಥವಾದ ಪ್ರಕರಣದ ಮೇಲ್ಮನವಿ ಕೋಲಾರದಲ್ಲಿ ನಡೆದಿದ್ದರೆ ಅದರ ಎರಡು ಭಾಗಗಳು ಎರಡು ಜಿಲ್ಲೆಗಳಲ್ಲಿ ಹುಟ್ಟಿದಂತೆ ಆಯಿತು. ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದ ಮಂಚೇನಹಳ್ಳಿ ಈಚೆಗೆ ತಾಲ್ಲೂಕು ಕೇಂದ್ರವಾಗಿದ್ದು, ಅಲ್ಲಿನ ಹಳ್ಳಿಗಳ ಆರ್.ಆರ್. ಪುಸ್ತಕದ ಮೇಲೆ ಇರುವುದು ಗೌರಿಬಿದನೂರಿನ ಹೆಸರು, ಜಿಲ್ಲೆ ಕೋಲಾರ. ಇಂದಿನ ತಾಲ್ಲೂಕಿನ ಹೆಸರನ್ನಷ್ಟೇ ಸೂಚಿಯಲ್ಲಿ ಬರೆದರೆ ಪುಸ್ತಕದ ಮುಖಪುಟಕ್ಕೂ ಗಣಕದ ನಮೂದಿಗೂ ಹೊಂದಿಕೆ ತಪ್ಪುತ್ತದೆ, ಹಳೆಯ ಹೆಸರನ್ನಷ್ಟೇ ಬರೆದರೆ ಮಂಚೇನಹಳ್ಳಿಯ ಕಿಂಡಿಯಲ್ಲಿ ಅರ್ಜಿ ಕೊಟ್ಟ ರೈತನಿಗೆ ಕಡತ ಕಾಣುವುದಿಲ್ಲ. ಆದ್ದರಿಂದ ಹಳ್ಳಿಯೊಂದು ಯಾವ ವರ್ಷದವರೆಗೆ ಯಾವ ಹೋಬಳಿ, ತಾಲ್ಲೂಕು, ಜಿಲ್ಲೆಗೆ ಸೇರಿತ್ತು ಎಂಬ ಪಟ್ಟಿಯನ್ನು ಸ್ಕ್ಯಾನಿಂಗಿಗೆ ಮೊದಲೇ ಸಿದ್ಧಪಡಿಸಿ, ಪ್ರತಿ ಚಿತ್ರಕ್ಕೂ ಎರಡೂ ಹೆಸರುಗಳನ್ನು ಜೋಡಿಸಬೇಕಾಗುತ್ತದೆ.